ಅತ್ತೆಯ ಮೂಳೆ, ಸೊಸೆಯ ಮೂಳೆ

ಅತ್ತೆ,

ಕಾಗದ ಬರೆಯುವಾಗ ಮೊದಲು 'ಉಭಯ ಕುಶಲೋಪರಿ' ಎಂದು ಬರೆಯಬೇಕೆಂದು ಸ್ಕೂಲಿನಲ್ಲಿ ಕಲಿಸಿದ್ದರು. ಹಾಗೇ ಬರೆಯಲು ಹೋಗಿ ಕೈ ನಿಂತಿತು. ಈ ಕಡೆ ಇರುವವಳು ನಾನೊಬ್ಬಳು. ಆ ಕಡೆಯ ಕುಶಲವನ್ನು ಯಾರನ್ನು ಕೇಳಲಿ? ನಿಮ್ಮ ಮಗ ಹೋದ ವಾರ ತಿಪಟೂರಿನಲ್ಲಿ ಕೊಬ್ಬರಿ ಲೋಡು ತುಂಬಿಸಿಕೊಂಡು ಕಾನ್ಪುರಕ್ಕೆ ಲಾರಿ ಹೊಡೆದುಕೊಂಡು ಹೋದರು. ಬರುವುದು ಇನ್ನು ಅಮಾವಾಸ್ಯೆ ಕಳೆದ ಮೇಲೆಯೇ. ಅವರು ದಾರಿಯಿಂದ ಹಾಕುವ ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ, ನೀವು ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಿರಿ. "ಊಟದ್ ವಿಷ್ಯ ಏನ್ ಬರ್ದವ್ನೆ? ಅದನ್ನ ಇನ್ನೊಂದ್ ಸಲ ಓದು" ಅನ್ನುತ್ತಿದ್ದಿರಿ. ಈಗ ಕಾಗದ ಬಂದರೆ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಹಾಗೆ ಓದಿದರೆ ಮುಗಿಯಲು ಎಷ್ಟು ಹೊತ್ತು ಬೇಕು ಹೇಳಿ. ನಿಮಗೆ ಓದಿ ಹೇಳುವಾಗ ಅಷ್ಟೇ ಕಾಗದ ಎಷ್ಟು ದೊಡ್ಡದಾಗಿರುತ್ತಿತ್ತು...

ನಾನು ಹಾಲ್ಕುರಿಕೆಯಿಂದ ಮದುವೆಯಾಗಿ ಈ ಬಿಳಿಗೆರೆಗೆ ಬಂದ ದಿನ ನಿಮ್ಮನ್ನು ಕತ್ತೆತ್ತಿ ನೋಡಿದ್ದೆ. ಅಷ್ಟು ಎತ್ತರದ ಹೆಂಗಸನ್ನು ಅದುವರೆಗೆ ಕಂಡಿರಲಿಲ್ಲ. ಒಳಮನೆಯ ಬಾಗಿಲು ದಾಟುವಾಗ ನೀವು ತಲೆ ತಗ್ಗಿಸುತ್ತಿದ್ದಿರಿ. ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಉಪ್ಪಿನಕಾಯಿ ಜಾಡಿಗೆ ನಾನು ತುದಿಗಾಲಲ್ಲಿ ನಿಂತು ಕೈ ಚಾಚುತ್ತಿದ್ದೆ. ನೀವು ಹಿಂದಿನಿಂದ ಬಂದು, ಸುಮ್ಮನೆ ಅದನ್ನು ಇಳಿಸಿಕೊಟ್ಟು, "ಎಟುಕ್ದೆ ಇರೋದ್ನೆಲ್ಲ ನನ್ನ ಕೇಳು. ಅತ್ತೆ ಇರೋದು ಯಾಕೆ ಮತ್ತೆ" ಅಂದಿರಿ. ಅತ್ತೆ ಎಂದರೆ ಹೇಗಿರುತ್ತಾಳೋ ಎಂದು ನಡುಗಿಕೊಂಡು ಬಂದಿದ್ದ ಹುಡುಗಿ ನಾನು. ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಅದೇ ಜಾಡಿಯನ್ನು "ಮಂಗ್ಳಾ, ವಸಿ ಇಳ್ಸ್ಕೊಡೇ" ಎಂದು ನೀವು ನನ್ನನ್ನು ಕೇಳಿದ್ದು ಯಾವಾಗ? ವರ್ಷ ನೆನಪಿಗೆ ಬರುತ್ತಿಲ್ಲ. ನಾನು ಮಣೆ ಹಾಕಿಕೊಂಡು ಇಳಿಸಿಕೊಟ್ಟೆ, ನೀವು ತಗೊಂಡು ಹೋದಿರಿ. ಇಬ್ಬರಿಗೂ ಅದು ವಿಶೇಷ ಅನ್ನಿಸಲಿಲ್ಲ. ಆಮೇಲೆ ನಿಮ್ಮ ಸೀರೆಯ ಅಂಚು ನೆಲ ಗುಡಿಸತೊಡಗಿತು. "ಸೀರೆ ಉದ್ದ ಆಗೋಗವೆ ಕಣೇ, ಈಗಿನ್ ಮಗ್ಗದೋರು ಧಾರಾಳಿಗಳು" ಎಂದು ನೀವು ಸೊಂಟದಲ್ಲಿ ಇನ್ನೊಂದು ಮಡಿಕೆ ಸಿಕ್ಕಿಸಿಕೊಂಡಿರಿ. ನಾವಿಬ್ಬರೂ ನಕ್ಕೆವು. ಸೀರೆ ಹಳೆಯದೇ ಆಗಿತ್ತು, ಅತ್ತೆ. ಒಳಮನೆಯ ಬಾಗಿಲಲ್ಲಿ ನೀವು ತಲೆ ತಗ್ಗಿಸುವುದನ್ನು ಬಿಟ್ಟು ಆಗಲೇ ಎಷ್ಟು ಕಾಲವಾಗಿತ್ತೋ. ಒಂದೇ ಮನೆಯಲ್ಲಿದ್ದು ದಿನಾ ಮುಖ ನೋಡುವವರಿಗೆ ಇಂಥದ್ದು ಹೇಗೆ ಕಾಣಬೇಕು?

ಒಂದು ದಿನ ಬಾವಿಯಿಂದ ತಂದ ಕೊಡವನ್ನು ಕಂಕುಳಿಂದ ಇಳಿಸುವಾಗ ನೀವು "ಅಯ್ಯಪ್ಪಾ" ಎಂದು ಅಲ್ಲೇ ಕೂತುಬಿಟ್ಟಿರಿ. ಬೆನ್ನಿಗೆ ಚಳುಕು ಹಿಡಿಯಿತು ಅಂದುಕೊಂಡೆವು. ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟೆ. ಕೆಲವು ದಿನ ಮಲಗಿ ಎದ್ದಾಗ ನಿಮ್ಮ ಬೆನ್ನು ಒಂದಿಷ್ಟು ಬಾಗಿತ್ತು. "ವಯಸ್ಸಾಯ್ತು ಬುಡು" ಅಂದಿರಿ. ಅರವತ್ತು ಇನ್ನೂ ತುಂಬಿರಲಿಲ್ಲ ನಿಮಗೆ. ಮಾರನೇ ವರ್ಷ ಕೊಟ್ಟಿಗೆಯ ಗಂಜಲದ ಮೇಲೆ ಕಾಲು ಜಾರಿ ಕೈ ಊರಿದಿರಿ, ಮಣಿಕಟ್ಟು ಮುರಿಯಿತು. ನಾಟಿ ಕಟ್ಟು ಹಾಕುವವರು ಮೊಟ್ಟೆಯ ಲೋಳೆ ಹಚ್ಚಿ, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ರೊಟ್ಟಿ ತಟ್ಟಲು ಬಂದರೆ ಸಾಕು ಎಂದು ನೀವೂ ಸುಮ್ಮನಾದಿರಿ. ಇಷ್ಟು ಸಣ್ಣ ಜಾರುವಿಕೆಗೆ ಮೂಳೆ ಯಾಕೆ ಮುರಿಯಬೇಕು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ನನ್ನ ಆಪರೇಷನ್ನು ಆದ ದಿನಗಳನ್ನು ನಾವಿಬ್ಬರೂ ಮತ್ತೆ ಬಾಯಿಬಿಟ್ಟು ಮಾತಾಡಿದ್ದು ಬಹಳ ಕಡಿಮೆ. ಎಪ್ಪತ್ತರ ದಶಕದ ಕೊನೆ. ಮಕ್ಕಳಾಗಲಿಲ್ಲ ಎಂದು ತೋರಿಸಲು ಹೋದರೆ ಹೊಟ್ಟೆಯೊಳಗೆ ಗಡ್ಡೆಗಳು ಎಂದರು. ಗರ್ಭಕೋಶ, ಅದರ ಅಕ್ಕಪಕ್ಕದ ಅಂಡಾಶಯ ಎರಡೂ, ಎಲ್ಲವನ್ನೂ ತೆಗೆಯಲೇಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು. ತುಮಕೂರಿನಲ್ಲಿ ತೆಗೆದರು. ನನಗಾಗ ಮೂವತ್ತೊಂದು. ಪ್ರಜ್ಞೆ ಬಂದು ಕಣ್ಣು ಬಿಟ್ಟಾಗ ನೀವು ಮಂಚದ ಪಕ್ಕ ನೆಲದ ಮೇಲೆ ಕೂತು ನನ್ನ ಪಾದ ಒತ್ತುತ್ತಿದ್ದಿರಿ. ಅತ್ತೆ ಸೊಸೆಯ ಪಾದ ಒತ್ತುವುದನ್ನು ಪಕ್ಕದ ಮಂಚದವರು ಎದ್ದು ಕೂತು ನೋಡುತ್ತಿದ್ದರು.

ಊರಿಗೆ ಬಂದು ನಾನು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗ ನಿಮ್ಮ ದೊಡ್ಡಣ್ಣ ಅರಳಗುಪ್ಪೆಯಿಂದ ಬಂದಿದ್ದರು. ಜಗುಲಿಯ ಮಾತು ಒಳಗೆ ನನಗೆ ಕೇಳುತ್ತಿತ್ತು. "ಇರೋನೊಬ್ಬ ಮಗ. ವಂಶ ಇಲ್ಲಿಗೇ ನಿಂತೋಯ್ತದೆ ಕಣಮ್ಮ. ಇವ್ಳೂ ಇರ್ಲಿ, ಇನ್ನೊಂದ್ ಹೆಣ್ಣು ತರಾನ" ಎಂದರು. ನಾನು ಗೋಡೆಗೆ ಒರಗಿ ನಿಂತೆ. ನೀವು ಹೆಚ್ಚು ಹೊತ್ತು ಯೋಚಿಸಲಿಲ್ಲ. "ಅಣ್ಣಯ್ಯ, ನಿಂಗೆ ಮಜ್ಗೆ ತರ್ಲಾ?" ಎಂದು ಕೇಳಿದಿರಿ. ಅವರು ಮತ್ತೆ ಅದೇ ಮಾತೆತ್ತಿದರು. "ಮಗೀಗೋಸ್ಕರ ತಂದಿದ್ನಾ ಇವ್ಳನ್ನ? ಮನ್ಗೋಸ್ಕರ ತಂದಿದ್ದು. ಮನೇಲವ್ಳೆ. ಆ ಮಾತು ಇಲ್ಗೇ ಬುಡು" ಎಂದಿರಿ. ಅವರು ಮಜ್ಜಿಗೆ ಕುಡಿದು ಎದ್ದು ಹೋದರು. ಒಳಗೆ ಬಂದು ನನ್ನ ಮುಖ ನೋಡಿದಿರಿ. ರಾಗಿ ಬೀಸಲು ಕೂತಿರಿ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ನೀವು ಬಿದ್ದ ಬೆಳಿಗ್ಗೆ, ಅಂಗಳದಲ್ಲಿ ಒಳ್ಳೆಯ ಬಿಸಿಲಿತ್ತು. ಅವರೆಕಾಯಿ ಕಾಲ. ಮೊರ ಹಿಡಿದು ನಿಂತಿದ್ದವರು, ನಾನು ಅಡುಗೆಮನೆಯಿಂದ ಏನೋ ಕೂಗಿದೆನೆಂದು ತಿರುಗಿದಿರಿ. ಅಷ್ಟೇ. ಕಲ್ಲು ಎಡವಲಿಲ್ಲ, ಜಾರಲಿಲ್ಲ. ನಾನು ಓಡಿ ಬರುವ ಹೊತ್ತಿಗೆ ಅವರೆಕಾಯಿ ನಡುವೆ ಮಲಗಿದ್ದಿರಿ. ಎತ್ತಲು ಹೋದರೆ ನನ್ನ ಕೈ ಹಿಡಿದು ತಡೆದಿರಿ. "ತಡಿ. ಬಿದ್ದು ಮುರೀಲಿಲ್ಲ ಕಣೇ, ಮುರ್ದು ಬಿದ್ದೆ. ಸೊಂಟದ್ ಕೆಳ್ಗೆ ಮೊದ್ಲು ಲಟ್ ಅಂತು, ಆಮೇಲೆ ಬಿದ್ದೆ" ಎಂದು ನಿಧಾನವಾಗಿ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಿರಿ. ನಿಮ್ಮ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಪಾದ ಹೊರಗೆ ತಿರುಗಿಕೊಂಡಿತ್ತು.

ನಿಮ್ಮ ಮಗ ಆಗಲೂ ಲಾರಿಯಲ್ಲಿದ್ದರು, ಎಲ್ಲಿ ಎಂದು ಗೊತ್ತಿಲ್ಲ. ಪಕ್ಕದ ತೋಟದ ಶಿವಣ್ಣ ಗಾಡಿ ಕಟ್ಟಿಕೊಂಡು ಬಂದರು. ಅವರು, "ಕಟ್ಟು ಹಾಕೋರ್ ತಾವ್ಕೇ ಹೋಗಾನ, ಹೋದ್ಸಲ ಕೈ ಕೂಡುಸ್ಲಿಲ್ವಾ" ಎಂದರು. ನಾನು ಆ ತಿರುಗಿದ ಪಾದವನ್ನೇ ನೋಡುತ್ತಿದ್ದೆ. "ಬೇಡ ಶಿವಣ್ಣ, ತಿಪಟೂರಿಗೆ" ಎಂದೆ. ಈ ಮನೆಯಲ್ಲಿ ನಾನು ಒಬ್ಬಳೇ ತೀರ್ಮಾನ ಮಾಡಿದ್ದು ಅದೇ ಮೊದಲು. ನೀವು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ, ಹಳ್ಳ ಬಂದಾಗಲೆಲ್ಲ ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಿರಿ. ಕಿರುಚಿದರೆ ಎತ್ತು ಬೆದರುತ್ತವೆ ಎಂದು ನಿಮ್ಮ ಹೆದರಿಕೆ.

ಆ ಮೂಳೆ ಡಾಕ್ಟರು ನಿಮ್ಮ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ್ದು ನಿಮಗೆ ನೆನಪಿದೆಯೇ? ನಡುವಯಸ್ಸಿನವರು, ಮೆತ್ತಗಿನ ಮಾತು. ತೊಡೆಯ ಮೂಳೆಯ ಕತ್ತಿನ ಹತ್ತಿರ ಮುರಿದಿದೆ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ಅವರು ಕೇಳಿದ್ದೆಲ್ಲ ಬೇರೆ. ಮುಂಚೆ ಎಲ್ಲಾದರೂ ಮುರಿದಿತ್ತಾ? ಬೆನ್ನು ನೋವು ಬಂದು ಮಲಗಿದ್ದರಾ? ಮೊದಲಿಗಿಂತ ಗಿಡ್ಡ ಆಗಿದ್ದಾರೆ ಅನ್ನಿಸುತ್ತಾ? ಮಣಿಕಟ್ಟು, ಕೊಡ, ಜಾಡಿ, ಸೀರೆ, ಒಂದೊಂದಾಗಿ ನನ್ನ ಬಾಯಿಂದ ಬಂತು. ಬೆನ್ನಿನ ಎಕ್ಸ್‌ರೇಯನ್ನೂ ತೆಗೆಸಿದರು. ಅದರಲ್ಲಿ ಬೆನ್ನುಮೂಳೆಯ ಮೂರು ಮಣಿಗಳು ಮುಂದುಗಡೆ ಕುಸಿದು ಚಪ್ಪಟೆಯಾಗಿದ್ದವು. ಕೊಡ ಇಳಿಸಿದ ದಿನ ಚಳುಕು ಅಂದುಕೊಂಡೆವಲ್ಲ, ಅದು ಮೂಳೆಯೇ.

"ಇದು ಬರೀ ವಯಸ್ಸಲ್ಲಮ್ಮ. ಇದಕ್ಕೆ ಆಸ್ಟಿಯೋಪೊರೋಸಿಸ್ ಅಂತಾರೆ, ಮೂಳೆ ಟೊಳ್ಳಾಗೋ ಕಾಯಿಲೆ" ಎಂದರು ಡಾಕ್ಟರು. "ಮೂಳೆ ಅಂದ್ರೆ ಕಲ್ಲಲ್ಲ. ದಿನಾ ಒಂದಿಷ್ಟು ಕರಗುತ್ತೆ, ದಿನಾ ಒಂದಿಷ್ಟು ಕಟ್ಟುತ್ತೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಕರಗೋದು ಜಾಸ್ತಿ ಆಗುತ್ತೆ, ಕಟ್ಟೋದು ಅದರ ಸಮಕ್ಕೆ ಬರಲ್ಲ. ನೋವಿರಲ್ಲ, ಗೊತ್ತಾಗಲ್ಲ. ಮುರಿದಾಗಲೇ ತಿಳಿಯೋದು. ಕೈ ಮುರಿದಾಗಲೇ ಯಾರಾದರೂ ನೋಡಿದ್ದಿದ್ದರೆ..." ಅವರು ಅಲ್ಲಿಗೇ ನಿಲ್ಲಿಸಿದರು.

ನೀವು ಮಲಗಿದ್ದಲ್ಲಿಂದಲೇ, "ಕಾಯಿ ನೋಡಾಕೆ ಚೆಂದಾಗೈತೆ, ಒಳಗೆ ತಿರುಳ್ ಕೂತಿಲ್ಲ ಅನ್ನಿ" ಎಂದಿರಿ. ಡಾಕ್ಟರು ನಕ್ಕು ಹೌದು ಎಂದರು. ಆಮೇಲೆ ಏನಾಯಿತೋ, ನಿಮ್ಮ ಮುಖ ಬದಲಾಯಿತು. ಬಾಗಿಲ ಹತ್ತಿರ ನಿಂತಿದ್ದ ಶಿವಣ್ಣನ ಕಡೆ ನೋಡಿ, "ನೀನ್ ವಸಿ ಆಚೆಗಿರಪ್ಪ" ಎಂದಿರಿ. ಅವರು ಹೋದ ಮೇಲೆ ಡಾಕ್ಟರ ಕೈ ಹಿಡಿದುಕೊಂಡಿರಿ.

"ಮುಟ್ಟು ನಿಂತ್ಮೇಲೆ ಅಂದ್ರಲ್ಲ ಸ್ವಾಮಿ. ನಂಗೆ ನಿಂತಿದ್ದು ಎಲ್ರಂಗೆ, ನಲವತ್ತು ದಾಟಿದ್ಮೇಲೆ. ಈ ನಮ್ ಹುಡ್ಗೀಗೆ ಮೂವತ್ತೊಂದಕ್ಕೇ ಹೊಟ್ಟೆ ಕುಯ್ದು ಎಲ್ಲಾ ತೆಗ್ದವ್ರೆ. ಇವ್ಳ ಮೂಳೆ ಏನಾಗೈತೆ ವಸಿ ನೋಡಿ."

"ಅತ್ತೆ, ಸುಮ್ನಿರಿ. ಈಗ್ಯಾಕೆ ಅದು" ಎಂದೆ ನಾಚಿಕೆಯಿಂದ.

"ಈಗಲ್ದೆ ಇನ್ಯಾವಾಗ? ನಂಗಾಗಿದ್ದು ಆಗೋಯ್ತು" ಎಂದಿರಿ.

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಅದುವರೆಗೆ ಅವರು ನನ್ನನ್ನು ರೋಗಿಯ ಕಡೆಯವಳು ಎಂದಷ್ಟೇ ನೋಡಿದ್ದರು. ಈಗ ಕುರ್ಚಿ ತೋರಿಸಿ ಕೂರಿಸಿದರು. ಅಂಡಾಶಯ ಎರಡೂ ತೆಗೆದಿದ್ದಾರಾ, ಆಮೇಲೆ ಯಾವುದಾದರೂ ಮಾತ್ರೆ ಕೊಟ್ಟಿದ್ದರಾ, ಮೈ ಬಿಸಿಯೇರಿ ಬೆವರುತ್ತಾ, ಹಾಲು ಎಷ್ಟು ಕುಡಿಯುತ್ತೀರಿ. ಹಾಲು? ಹಾಲೆಲ್ಲ ಡೈರಿಗೆ ಹೋಗುತ್ತಿತ್ತು, ಉಳಿದದ್ದು ನಿಮ್ಮ ಮಗ ಬಂದಾಗ ಅವರಿಗೆ. ಅತ್ತೆ, ತೊಡೆ ಮುರಿದುಕೊಂಡು, ಗಾಡಿಯಲ್ಲಿ ಕುಲುಕಿಸಿಕೊಂಡು ಬಂದು, ಇನ್ನೂ ಒಂದು ನೋವಿನ ಮಾತ್ರೆಯೂ ಹೊಟ್ಟೆಗಿಳಿಯದೆ ಮಲಗಿದ್ದವರಿಗೆ ನನ್ನ ನೆನಪು ಹೇಗೆ ಬಂತು? ಇದನ್ನು ನಾನು ನಿಮ್ಮನ್ನು ಯಾವತ್ತೂ ಕೇಳಲಿಲ್ಲ.

ಮಾರನೇ ದಿನ ನನ್ನ ಬೆನ್ನಿನ ಎಕ್ಸ್‌ರೇ ನೋಡಿ ಡಾಕ್ಟರು ನಿಮ್ಮ ಮಂಚದ ಹತ್ತಿರವೇ ಬಂದು ಹೇಳಿದರು. "ನಿಮ್ಮಷ್ಟು ಹೋಗಿಲ್ಲ. ಆದರೆ ಈ ವಯಸ್ಸಿಗೆ ಇರಬೇಕಾದಷ್ಟು ಗಟ್ಟಿಯಾಗೂ ಕಾಣ್ತಿಲ್ಲ. ಎಕ್ಸ್‌ರೇಗೆ ಕಾಣೋ ಹೊತ್ತಿಗೆ ಸುಮಾರು ಮೂಳೆ ಕಳಕೊಂಡಿರ್ತಾರೆ. ಹೋಗಿದ್ದನ್ನು ಪೂರ್ತಿ ತಂದುಕೊಡೋಕೆ ನನ್ನ ಕೈಲಿ ಆಗಲ್ಲ. ಇರೋದನ್ನು ಹಿಡಿದಿಟ್ಟುಕೊಳ್ಳಬಹುದು." ಅಲ್ಲಿನ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ಮೈಯಲ್ಲಿ ನಿಂತುಹೋಗಿದ್ದ ಹಾರ್ಮೋನಿಗೆ ಬದಲಾಗಿ ಅವರು ಮಾತ್ರೆ ಬರೆದುಕೊಟ್ಟು, ಆಗಾಗ ಬಂದು ತೋರಿಸಿಕೊಳ್ಳಲೇಬೇಕು ಎಂದರು. ಅದರ ಜೊತೆಗೆ ಸುಣ್ಣದ ಅಂಶದ ಮಾತ್ರೆ. ಹಾಲು, ಮೊಸರು, ರಾಗಿ, ಸೊಪ್ಪು ತಪ್ಪಿಸಬಾರದು. ಬೆಳಗಿನ ಬಿಸಿಲಲ್ಲಿ ದಿನಾ ಬಿರುಸಾಗಿ ನಡೆಯಬೇಕು. ತುಂಬಿದ ಕೊಡ, ಕಾಯಿ ಚೀಲ ಬಗ್ಗಿ ಎತ್ತಬಾರದು. ನೀವು ಪ್ರತಿಯೊಂದಕ್ಕೂ "ಹೂಂ, ಹೂಂ" ಅನ್ನುತ್ತ ಕೇಳಿಸಿಕೊಂಡಿರಿ, ಚಿಕಿತ್ಸೆ ನಿಮ್ಮದೇ ಅನ್ನುವ ಹಾಗೆ.

ನಿಮ್ಮ ಕಾಲಿನ ಮಾತು ಬಂದಾಗ ಡಾಕ್ಟರು ತಡವರಿಸಿದರು. ಹೃದಯ ನಿಶ್ಶಕ್ತವಾಗಿದೆ, ಪ್ರಜ್ಞೆ ತಪ್ಪಿಸಿ ಕುಯ್ದರೆ ತಡೆಯುತ್ತೀರೋ ಇಲ್ಲವೋ, ಅಂಥ ಸಡಿಲ ಮೂಳೆಯಲ್ಲಿ ಮೊಳೆ ಹಿಡಿದು ನಿಲ್ಲುವುದೂ ಅನುಮಾನ. ಬೆಂಗಳೂರಿಗೆ ಕರೆದುಕೊಂಡು ಹೋದರೂ ಅವರೂ ಇದನ್ನೇ ಹೇಳಬಹುದು ಎಂದರು. ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದರು. ವಾರಗಟ್ಟಲೆ ಹಾಗೇ. ನಿಮ್ಮ ಮಗ ಬಂದು ನೋಡಿದಾಗ ಮಂಚದ ಕಾಲಿನ ಕಡೆ ನಿಂತು ಆ ತೂಗುವ ತೂಕವನ್ನೇ ನೋಡುತ್ತಿದ್ದರು. "ನಾನ್ ಇದ್ದಿದ್ರೆ..." ಎಂದರು. "ನೀನಿದ್ರೆ ಗಾಡಿ ಬದ್ಲು ಲಾರೀಲಿ ಕುಲುಕಿಸ್ತಿದ್ದೆ. ಊಟ ಆಯ್ತಾ?" ಎಂದಿರಿ ನೀವು.

ಮನೆಗೆ ಕರೆತಂದಾಗ ನೀವು ಹೇಳಿದ ಮೊದಲ ಮಾತು ಮಂಚವನ್ನು ಹಜಾರದ ಕಿಟಕಿಗೆ ತಿರುಗಿಸಿ ಹಾಕಿ ಎಂದು. ಅಲ್ಲಿಂದ ಅಂಗಳ ಕಾಣುತ್ತಿತ್ತು, ಅಂಗಳದಾಚೆ ತೋಟದ ಮೊದಲ ಸಾಲು. ಅವತ್ತಿನಿಂದ ನನ್ನ ಮೇಲೆ ನಿಮ್ಮ ಕಾವಲು ಶುರುವಾಯಿತು. ಡೈರಿಗೆ ಹಾಲು ಹಾಕುವ ಮುಂಚೆ ನಿಮ್ಮೆದುರು ಲೋಟ ಖಾಲಿ ಮಾಡಬೇಕು. ಮಾತ್ರೆ ನುಂಗಿ ಬಾಯಿ ತೋರಿಸಬೇಕು. "ಬಿಸ್ಲು ಬಿತ್ತು, ಇನ್ನೂ ಒಲೆ ಮುಂದೇ ಕುಂತವ್ಳೆ" ಎಂದು ಗದರಿಸಿಕೊಳ್ಳಬೇಕು. ನಾನು ತೋಟದ ಆ ತುದಿಯ ಬೇಲಿ ಮುಟ್ಟಿ ಬಂದರೆ ಸಾಲದು, ನೀವು ಪ್ರಶ್ನೆ ಕೇಳುತ್ತಿದ್ದಿರಿ. ಮೂಲೆ ಮರದಲ್ಲಿ ಹೊಂಬಾಳೆ ಬಂತಾ? ಹೊಸ ಸಸಿಗೆ ನೀರು ನಿಂತಿದೆಯಾ? ಬೇಲಿ ಹತ್ತಿರದ ಮರದ ಗರಿ ಇನ್ನೂ ಹಳದಿಯಾಗೇ ಇದೆಯಾ? ನಡೆದೆನೋ ಕಳ್ಳಾಟ ಆಡಿದೆನೋ ಎಂದು ಪರೀಕ್ಷೆ ಮಾಡುತ್ತಿದ್ದೀರಿ ಅಂದುಕೊಂಡು ಒಳಗೊಳಗೇ ಸಿಡುಕುತ್ತಿದ್ದೆ. ಒಂದು ದಿನ ಹೊಂಬಾಳೆ ಹೇಗೆ ಬಿರಿದಿದೆ ಎಂದು ಹೇಳುತ್ತ ನಿಮ್ಮ ಮುಖ ನೋಡಿದೆ. ನೀವು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಿರಿ. ನಲವತ್ತು ವರ್ಷ ನೀರು ಹಾಯಿಸಿದ ತೋಟವನ್ನು ನನ್ನ ಕಾಲಲ್ಲಿ ನಡೆದು ನೋಡುತ್ತಿದ್ದಿರಿ. ಅದಾದ ಮೇಲೆ ನಾನು ಒಂದೊಂದು ಮರದ ಬುಡದಲ್ಲೂ ನಿಂತು ನೋಡಿಕೊಂಡು ಬರುತ್ತಿದ್ದೆ.

ಒಂದು ಬೆಳಿಗ್ಗೆ ನಾನು ರೇಗಿಬಿಟ್ಟೆ. ನಿಮ್ಮ ಬೆನ್ನಿನ ಹುಣ್ಣು ತೊಳೆದು, ಬಟ್ಟೆ ಬದಲಿಸಿ, ಹೊರಗೆ ಹೋಗಿ ಬರುವಷ್ಟರಲ್ಲಿ ನೀವು ಹಾಲಿನ ಲೋಟ ತೋರಿಸಿದಿರಿ. "ಯಾರಿಗೋಸ್ಕರ ಅತ್ತೆ ಈ ಮೂಳೆ ಕಾಪಾಡ್ಕೊಳ್ಳೋದು? ನನ್ನ ಹಿಂದೆ ಮುಂದೆ ಯಾರಿದಾರೆ?" ಎಂದು ಕೇಳಿದೆ.

"ಅದ್ಕೇ ಕಣೇ ಹೇಳೋದು" ಎಂದಿರಿ. "ನಾನ್ ಬಿದ್ದಾಗ ನೀನಿದ್ದೆ. ನೀನ್ ಬಿದ್ರೆ ಯಾರವ್ರೆ? ನಿಂಗೆ ಸೊಸೆ ಇಲ್ಲ."

ನಾನು ಹಾಲು ಕುಡಿದೆ. ಅದು ಆರಿತ್ತು, ಕೆನೆ ಕಟ್ಟಿತ್ತು. ಆ ಮಾತು ಬೇರೆಯವರ ಬಾಯಲ್ಲಿ ಬಂದಿದ್ದರೆ ಬಂಜೆ ಎಂದು ಎತ್ತಿ ಆಡಿದಂತೆ ಕೇಳುತ್ತಿತ್ತು. ನಿಮ್ಮ ಬಾಯಲ್ಲಿ ಅದು ಹಾಗೆ ಕೇಳಲಿಲ್ಲ. ನೀವು ಹೋದ ಮೇಲಿನ ನನ್ನ ದಿನಗಳನ್ನು ಆ ಮಂಚದಲ್ಲಿ ಮಲಗಿಕೊಂಡೇ ನೀವು ಒಂದೊಂದಾಗಿ ನೋಡಿಬಿಟ್ಟಿದ್ದಿರಿ ಅನ್ನಿಸಿತು.

ಚಳಿ ಶುರುವಾದಾಗ ನಿಮಗೆ ಕೆಮ್ಮು ಬಂತು. ಮಲಗಿದ ಮೈಗೆ ಎದೆಯ ಕಫ ಮೇಲೆ ತರುವ ಶಕ್ತಿ ಇರಲಿಲ್ಲ. ಡಾಕ್ಟರ ಇಂಜೆಕ್ಷನ್ನು ಎರಡು ದಿನ ಹಿಡಿದಿಟ್ಟಿತು. ಮೂರನೆಯ ದಿನ ಬೆಳಿಗ್ಗೆ, ನಿಮ್ಮ ಮಗ ಕಾಫಿ ಚಮಚದಲ್ಲಿ ಬಿಡುತ್ತಿದ್ದರು, ನಾನು ತಲೆ ಎತ್ತಿ ಹಿಡಿದಿದ್ದೆ. ಕಾಫಿ ಒಳಗೆ ಹೋಗದೆ ಬಾಯಿಯ ಅಂಚಿನಲ್ಲಿ ಹೊರಗೆ ಬಂತು. ಅಷ್ಟೇ ಗೊತ್ತಾಗಿದ್ದು. ಆಗ ನನ್ನ ಕೈಯಲ್ಲಿ ನಿಮ್ಮ ತಲೆ ಎಷ್ಟು ಹಗುರವಾಗಿತ್ತು...

ತೋಟದಲ್ಲಿ ಗುಣಿ ತೆಗೆದು, ನಮ್ಮವರ ಪದ್ಧತಿಯಂತೆ ನಿಮ್ಮನ್ನು ಕೂರಿಸಿ ಮಣ್ಣು ಮಾಡಬೇಕಿತ್ತು. ವಿಭೂತಿ ಹಚ್ಚಿ, ಹೂವು ಹಾಕಿ, ಕಾಲು ಮಡಚಲು ಹೋದರು. ಬಲಗಾಲು ಮಡಚಲಿಲ್ಲ. ಯಾರೋ ಒತ್ತಿದರು. "ನಿಧಾನ, ಆ ಕಾಲು ನೋಯ್ತದೆ ಅವ್ರಿಗೆ" ಎಂದುಬಿಟ್ಟೆ. ಎಲ್ಲರ ಕೈಯೂ ನಿಂತಿತು. ಹೆಂಗಸರು ನನ್ನನ್ನು ಆಚೆ ಕರೆದುಕೊಂಡು ಹೋಗಲು ಬಂದರು, ನಾನು ಹೋಗಲಿಲ್ಲ. ನಿಮ್ಮ ಮಗ ಗುಣಿಯೊಳಗೆ ಇಳಿದು ತಾವೇ ಮೆಲ್ಲಗೆ ಕೂರಿಸಿದರು. ಬಲಗಾಲನ್ನು ಹಾಗೇ ಸ್ವಲ್ಪ ಚಾಚಿದಂತೆ ಬಿಟ್ಟರು. ಅಷ್ಟು ಜಾಗ ಹೆಚ್ಚಿಗೆ ತೋಡಿಸಿದರು.

ಹನ್ನೊಂದು ದಿನ ಕಳೆದು ನೆಂಟರು ಹೋದರು. ನಿಮ್ಮ ಮಗನ ಲಾರಿಯೂ ಹೋಯಿತು. ಅವರನ್ನು ನಾನು ದೂರುವುದಿಲ್ಲ, ಮನೆಯೊಳಗೆ ಕೂತರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಈ ಮನೆಯಲ್ಲಿ ಶಬ್ದ ಇಷ್ಟು ಕಡಿಮೆ ಎಂದು ನನಗೆ ಗೊತ್ತಿರಲಿಲ್ಲ. ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿ ಒಂದೊಂದು ಸಲ ಉರುಳಿ ಸದ್ದಾದರೆ, ಯಾರೋ ಇದ್ದಾರೆ ಎಂದು ತಲೆ ಎತ್ತುತ್ತೇನೆ. ಒಬ್ಬಳಿಗೆ ಮುದ್ದೆ ತೊಳಸುವುದು ಹೇಗೆ ಅತ್ತೆ? ಹಿಟ್ಟಿನ ಅಳತೆಯೇ ಬರುವುದಿಲ್ಲ. ಮಾಡಿದರೆ ಇಬ್ಬರಿಗಾಗುವಷ್ಟು ಆಗುತ್ತದೆ, ಮಿಕ್ಕಿದ್ದು ಹಸುವಿಗೆ. ಮಾತ್ರೆಯ ಡಬ್ಬಿ ಕಿಟಕಿಯಲ್ಲೇ ಇತ್ತು. ಬಾಯಿ ತೋರಿಸಲು ಯಾರೂ ಇರಲಿಲ್ಲ. ಒಂದು ದಿನ ಮರೆತೆ. ಆಮೇಲೆ ಮರೆಯಲಿಲ್ಲ, ಸುಮ್ಮನೆ ಬಿಟ್ಟೆ. ತೋಟದ ಕಡೆಯೂ ಹೋಗಲಿಲ್ಲ. ಹೋಗಿ ಬಂದು ಯಾರಿಗೆ ಹೇಳಬೇಕು?

ಮತ್ತೆ ತಿಪಟೂರಿಗೆ ಹೋಗಿದ್ದು ಶಿವಣ್ಣನ ಹೆಂಡತಿ ಜಯಮ್ಮ ಬಲವಂತ ಮಾಡಿದ್ದಕ್ಕೆ. "ತೋರ್ಸೋ ದಿನ ಬಂದೈತೆ, ನಮ್ ಜೊತೆ ಬಸ್ ಹತ್ತು ಸಾಕು" ಎಂದು ಎಬ್ಬಿಸಿದರು. ಡಾಕ್ಟರು ನನ್ನನ್ನು ನೋಡಿದ ಕೂಡಲೇ, "ಬನ್ನಿ, ನಿಮ್ಮತ್ತೆ ಹೇಗಿದ್ದಾರೆ? ಈಗಲೂ ಬೈತಾರಾ?" ಎಂದು ಕೇಳಿದರು. ಅವರಿಗೆ ತಿಳಿದಿರಲಿಲ್ಲ. ಇಷ್ಟು ದಿನ ಕೇಳಿದವರೆಲ್ಲ ಗೊತ್ತಿದ್ದೇ ಕೇಳುತ್ತಿದ್ದರು. ಈ ಲೋಕದಲ್ಲಿ ನೀವು ಇನ್ನೂ ಬದುಕಿದ್ದದ್ದು ಆ ಒಂದು ರೂಮಿನಲ್ಲಿ ಮಾತ್ರ. ನಾನು ಹೇಳಬೇಕಾಯಿತು. ಹೇಳಿ, ಮಣ್ಣು ಮಾಡಿದ ದಿನವೂ ಅಳದವಳು ಅವರ ಮೇಜಿನ ಮುಂದೆ ಅತ್ತುಬಿಟ್ಟೆ. ಅವರು ಕನ್ನಡಕ ತೆಗೆದಿಟ್ಟು ಕಾದರು. ಆಮೇಲೆ ಮಾತ್ರೆ ತಗೊಳ್ಳುತ್ತಿದ್ದೀರಾ ಎಂದು ಕೇಳಿದರು. ಇಲ್ಲವೆಂದೆ. ಬೈಯಲಿಲ್ಲ. "ಅವರು ನನ್ನ ಕೈ ಹಿಡಿದುಕೊಂಡು ಕೇಳಿದ್ದು ನಿಮಗೋಸ್ಕರ. ತಮಗೋಸ್ಕರ ಒಂದು ಮಾತೂ ಕೇಳಲಿಲ್ಲ" ಎಂದಷ್ಟೇ ಹೇಳಿ ಚೀಟಿ ಬರೆದರು. ಬಸ್ಸಿನಲ್ಲಿ ಬರುತ್ತ ಒಂದು ಮಾತ್ರೆ ನೀರಿಲ್ಲದೆಯೇ ನುಂಗಿದೆ. ಗಂಟಲಲ್ಲಿ ಸಿಕ್ಕಿಕೊಂಡು ಊರು ಬರುವವರೆಗೂ ಇತ್ತು.

ಅದು ಆಗಿ ಎರಡು ವರ್ಷವಾಯಿತು. ದಿನ ತಪ್ಪಿಸಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಜ್ವರ ಬಂದಾಗ, ಹಬ್ಬದ ಕೆಲವು ದಿನ, ತಪ್ಪಿದ್ದುಂಟು. ನಡಿಗೆ ಮಾತ್ರ ನಡೆದಿದೆ. ಭಾರ ಎತ್ತುವುದಕ್ಕೆ ಆಳು ಮಾಡಿಕೊಂಡಿದ್ದೇನೆ. ಮೈಯಲ್ಲಿ ಗುಣ ಏನೂ ಗೊತ್ತಾಗುವುದಿಲ್ಲ ಅತ್ತೆ, ಅದೇ ಇದರ ಕಷ್ಟ. ಕಾಯಿಲೆ ಇದ್ದಾಗಲೂ ನೋವಿರಲಿಲ್ಲ, ಔಷಧಿ ತಗೊಂಡರೂ ಹಿತ ಇಲ್ಲ. ಕಾಯಿಲೆ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಯಾರೋ ಕುಡಿ ಎಂದದ್ದನ್ನು ಕುಡಿಯುವುದು. ಒಬ್ಬಳೇ ಇರುವ ಮನೆಯಲ್ಲಿ ನಂಬಿಕೆ ದಿನಾ ಒಂದೇ ಸಮ ಇರುವುದಿಲ್ಲ.

ಮೊನ್ನೆ ಸೋಮವಾರ ನಾನು ಬಿದ್ದೆ.

ಮಳೆ ಹಿಡಿದು ಬಿಟ್ಟಿತ್ತು. ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಕಟ್ಟಿತ್ತು, ನೋಡಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ತಿರುಗಿದೆ, ಎರಡೂ ಕಾಲು ಒಟ್ಟಿಗೆ ಹೋದವು. ಸೊಂಟದ ಪಕ್ಕಕ್ಕೇ ಬಿದ್ದೆ, ಬಲಗಡೆಗೆ, ನಿಮಗೆ ಮುರಿದ ಜಾಗಕ್ಕೇ ಸರಿಯಾಗಿ. ಬುಟ್ಟಿ ಒಂದು ಕಡೆ, ನಾನೊಂದು ಕಡೆ. ನೋವಿಗಿಂತ ಮೊದಲು ಹೆದರಿಕೆ ಬಂತು. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇರಲಿಲ್ಲ. ಶಿವಣ್ಣ ದಂಪತಿ ಚಿಕ್ಕನಾಯಕನಹಳ್ಳಿಗೆ ಮದುವೆಗೆ ಹೋಗಿದ್ದರು. ಹಸು ಕೊಟ್ಟಿಗೆಯಿಂದ ಒಮ್ಮೆ ಕೂಗಿ ಸುಮ್ಮನಾಯಿತು. ಮಲಗಿದಲ್ಲೇ ಇದ್ದೆ. ಎದ್ದೇಳಲು ಪ್ರಯತ್ನ ಮಾಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದು ಏಳಲಿಲ್ಲ.

ಆಮೇಲೆ ಕಾಲಿನ ಬೆರಳು ಆಡಿಸಿದೆ. ಆಡಿದವು. ಮಂಡಿ ಎತ್ತಿದೆ, ಬಂತು. ಪಾದ ನೋಡಿಕೊಂಡೆ, ಮೇಲ್ಮುಖವಾಗಿ ನೆಟ್ಟಗಿತ್ತು. ಒಗೆಯುವ ಕಲ್ಲನ್ನು ಹಿಡಿದು ಎದ್ದು ಕೂತೆ. ನಿಂತೆ. ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ಮಣ್ಣಾದ ಬಟ್ಟೆಗಳನ್ನು ಮತ್ತೆ ಜಾಲಿಸಿ, ಹಿಂಡಿ, ತಂತಿಗೆ ಹಾಕಿದೆ.

ಬುಧವಾರ ತಿಪಟೂರಿಗೆ ಹೋಗಿ ತೋರಿಸಿದೆ. ತೊಡೆಯ ಮೇಲೆ ತಟ್ಟೆಯಗಲ ಕಪ್ಪಗೆ ರಕ್ತ ಹೆಪ್ಪುಗಟ್ಟಿದೆ, ಅಷ್ಟೇ. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮುರಿದಿಲ್ಲ. ಬಿರುಕೂ ಇಲ್ಲ" ಎಂದರು. ಬೆನ್ನಿನದನ್ನೂ ತೆಗೆಸಿ, ಮೂರು ವರ್ಷದ ಹಿಂದಿನದರ ಪಕ್ಕದಲ್ಲಿ ಹಿಡಿದು, ಮಣಿಗಳೆಲ್ಲ ಹಾಗೇ ನಿಂತಿವೆ, ಒಂದೂ ಕುಸಿದಿಲ್ಲ ಎಂದರು. ಔಷಧಿಯಿಂದಲೇ ಹೀಗಾಯಿತು ಎಂದು ಆಣೆ ಮಾಡಿ ಹೇಳಲು ತಮಗೆ ಬರುವುದಿಲ್ಲವಂತೆ. ಆದರೆ ನಿಲ್ಲಿಸಬೇಡಿ ಎಂದರು. ನಿಲ್ಲಿಸುವುದಿಲ್ಲ ಎಂದು ಅವರಿಗೆ ಹೇಳಿ ಬಂದಿದ್ದೇನೆ. ನಿಮಗೂ ಹೇಳುತ್ತಿದ್ದೇನೆ.

ಬಸ್ಸಿಳಿದು ನಡೆದು ಬಂದು, ಚಪ್ಪಲಿ ಬಿಟ್ಟು, ಬೀಗ ತೆಗೆದೆ. ಹಜಾರದಲ್ಲಿ ನಿಂತು ಬಾಯಿ ತೆರೆದೆ ಅತ್ತೆ, ಹೇಳಲು. ಯಾರಿಗೆ ಎಂದು ಆಮೇಲೆ ಹೊಳೆಯಿತು. ಅದಕ್ಕೇ ಈ ಕಾಗದ. ನಿಮ್ಮ ಮಗನಿಗೆ ಬಿದ್ದದ್ದನ್ನೂ ಬರೆದಿಲ್ಲ, ಎದ್ದದ್ದನ್ನೂ ಬರೆದಿಲ್ಲ. ಅವರು ಬಂದ ಮೇಲೆ ಹೇಳಿದರಾಯಿತು. ಮೊದಲು ನಿಮಗೆ ತಿಳಿಯಲಿ ಎಂದು ಅನ್ನಿಸಿತು.

ನಿಮ್ಮ ಸೊಸೆ,
ಮಂಗಳಾ